ಚೈನ್‌ಸಾ ಹಗುರ ಇದ್ರೆ ಸಾಕಾ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣೀಲಿ ಚೈನ್‌ಸಾದಲ್ಲಿ (ಮರ ಕೊಯ್ಯೋ ಮಿಷನ್ ಗರಗಸ) ದಿಮ್ಮಿ ಕೆತ್ತಿ ಆಕೃತಿ ಮಾಡೋದ್ರ ಬಗ್ಗೆ ಬಂದ ಲೇಖನ ಓದಿದೆ, ಚೆನ್ನಾಗಿತ್ತು, ಆದ್ರೆ ಕೊನೇಲಿ ಹೊಸಬರು ಇರೋದ್ರಲ್ಲೇ ಹಗುರವಾದ ಚೈನ್‌ಸಾ ತಗೊಂಡ್ರೆ ಸಾಕು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದಾರಲ್ಲ, ಅದಕ್ಕೇ ಈ ಪತ್ರ.

ಡಬ್ಬದ ಮೇಲೆ ಬರೆದಿರೋ ತೂಕ ಸಾಮಾನ್ಯವಾಗಿ ಬರೀ ಇಂಜಿನ್ ಭಾಗದ್ದು. ಬಾರ್ (ಚೈನ್ ಸುತ್ತೋ ಉದ್ದನೆ ಪಟ್ಟಿ) ಇಲ್ಲ, ಚೈನ್ ಇಲ್ಲ, ಟ್ಯಾಂಕ್ ಖಾಲಿ. 25 ಸಿಸಿ ಆಸುಪಾಸಿನ ಪುಟ್ಟ ಸಾ ಎರಡೂವರೆ ಕಿಲೋ ಅಂತ ಬರೆದಿದ್ರೆ 12 ಇಂಚಿನ ಬಾರು, ಚೈನು, ಪೆಟ್ರೋಲು, ಚೈನಿಗೆ ಹಾಕೋ ಬಾರ್ ಆಯಿಲ್ಲು ಎಲ್ಲಾ ಸೇರಿ ಕೈಗೆ ಬರೋ ಹೊತ್ತಿಗೆ ಹೆಚ್ಚುಕಮ್ಮಿ ಮೂರೂವರೆ ಆಗಿರುತ್ತೆ. ಹಾಗಂತ ದೊಡ್ಡದು ತಗೊಳ್ಳಿ ಅಂತಲ್ಲ. ನಾನು ಶುರುವಲ್ಲಿ 50 ಸಿಸಿ ಸಾ ಹಿಡ್ಕೊಂಡು ಗೂಬೆ ಕೆತ್ತೋಕೆ ಹೋಗಿ ಮೂರನೇ ಗಂಟೆಗೆ ಮಣಿಕಟ್ಟು ಸೋತು ಬಾರ್ ತುದಿ ಎರಡೇ ಬೆರಳಷ್ಟು ಜಗ್ಗಿತು ನೋಡಿ, ಎಡಗಿವಿ ಹಾರೋಯ್ತು, ಸಮ ಮಾಡೋಣ ಅಂತ ಬಲಗಿವೀನೂ ತೆಗೆದೆ, ಗೂಬೆ ಹೋಗಿ ಮೊಟ್ಟೆ ಆಯ್ತು.

ಆಮೇಲೆ ಹಿಡಿ. ತೀರಾ ಹಗುರದವು ಬಹಳಷ್ಟು ಮೇಲ್ಗಡೆ ಹಿಡಿ ಇರೋವು, ಅವನ್ನ ಮಾಡಿರೋದು ಮರ ಹತ್ತಿ ಕೊಂಬೆ ಕಡಿಯೋ ತರಬೇತಿ ಆದವರಿಗೆ. ಎರಡೂ ಹಿಡಿ ಹತ್ತತ್ರ ಇರೋದ್ರಿಂದ ಸಾ ಎಗರಿದ್ರೆ ತಡೆಯೋಕೆ ಪಟ್ಟು ಸಿಗಲ್ಲ, ಸಾಲದ್ದಕ್ಕೆ ಒಂದೇ ಕೈಲಿ ಹಿಡಿಯೋ ಚಟ ಬೇರೆ ಹತ್ತುತ್ತೆ. ನೆಲದ ಮೇಲೆ ನಿಂತು ಕೆತ್ತೋರಿಗೆ ಹಿಂದೆ ಹಿಡಿ ಇರೋದೇ ಸರಿ, ಅರ್ಧ ಕಿಲೋ ಜಾಸ್ತಿ ಆದ್ರೂ ಆಗ್ಲಿ.

ಸಾ ಎಗರೋದು, ಅಂದ್ರೆ ಕಿಕ್‌ಬ್ಯಾಕ್, ಬಾರ್ ಮೂತಿಯ ಮೇಲಿನ ಕಾಲುಭಾಗ ಮರಕ್ಕೆ ತಾಗಿದಾಗ. ಕೆತ್ತನೇಲಿ ನಾವು ಮಾಡೋದೇ ಮೂತಿ ಕೆಲಸ, ಕಣ್ಣು, ಗಡ್ಡ, ಗರಿ ಎಲ್ಲಾ ಅದ್ರಲ್ಲೇ ಬರಬೇಕು. ಅದಕ್ಕೇ ಕಾರ್ವಿಂಗ್ ಬಾರ್ ಅಂತ ಬರುತ್ತೆ, ತುದಿ ಒಂದು ಸಣ್ಣ ನಾಣ್ಯದ ಅಗಲ, ಎಗರೋದು ತುಂಬಾ ಕಮ್ಮಿ. ಆದ್ರೆ ತುದೀಲಿ ತಿರುಗೋ ಚಕ್ರ ಇರಲ್ಲ, ಬೇಗ ಕಾಯುತ್ತೆ, ಎಣ್ಣೆ ಧಾರಾಳವಾಗಿ ಹೋಗ್ತಿರಬೇಕು. ಅದಕ್ಕೆ ಹಾಕೋದು ಕಾಲಿಂಚು ಪಿಚ್ಚಿನ (ಪಿಚ್ ಅಂದ್ರೆ ಚೈನ್ ಕೊಂಡಿಗಳ ನಡುವಿನ ಅಂತರ) ಚೈನು, ಹಾಗಾಗಿ ಬೇರೆ ಪಿಚ್ಚಿನ ಸಾ ಆದ್ರೆ ಒಳಗೆ ಚೈನ್ ತಿರುಗಿಸೋ ಹಲ್ಲಿನ ಚಕ್ರ, ಅಂದ್ರೆ ಸ್ಪ್ರಾಕೆಟ್ಟೂ ಬದಲಾಗಬೇಕು. ಸಾ ತಗೊಳ್ಳೋಕೆ ಮುಂಚೆ ಅದಕ್ಕೆ ಈ ಬಾರು, ಚೈನು, ಸ್ಪ್ರಾಕೆಟ್ಟು ಸೇರಿದ ಕಿಟ್ ಸಿಗುತ್ತಾ ಅಂತ ಕೇಳ್ಕೊಳ್ಳಿ, ನನ್ನ ಮಟ್ಟಿಗೆ ತೂಕಕ್ಕಿಂತ ಮೊದಲು ಕೇಳಬೇಕಾದ್ದೇ ಅದು.

ದಪ್ಪ ದಿಮ್ಮಿ ತುಂಡು ಮಾಡೋದು, ಒರಟಾಗಿ ಆಕಾರ ತೆಗೆಯೋದು ಈ ಪುಟ್ಟ ಸಾ ಕೈಲಿ ಆಗಲ್ಲ ಅಂತಲ್ಲ, ಅಳುತ್ತೆ ಅಷ್ಟೆ. ಅದಕ್ಕೆ 40 ಸಿಸಿದು ಇನ್ನೊಂದಿದ್ರೆ ಒಳ್ಳೇದು. ಬ್ಯಾಟರಿ ಸಾ ಕೂಡ ನಾನು ಬೇಡ ಅನ್ನಲ್ಲ, ಹತ್ತು ಸೆಕೆಂಡ್ ಕೊರೆದು ಎರಡು ನಿಮಿಷ ನಿಂತು ನೋಡೋ ಕೆಲಸಕ್ಕೆ ಹೊಗೆ ಇಲ್ಲದೆ ಸುಮ್ನೆ ನಿಲ್ಲೋ ಮಿಷನ್ ಸುಖವೇ, ಬ್ಯಾಟರಿ ಹಾಕಿದ ಮೇಲಿನ ತೂಕ ನೋಡಿ.

ಇನ್ನೊಂದು. ಲೇಖನದ ಜೊತೆ ಹಾಕಿದ್ದ ಫೋಟೋದಲ್ಲಿ ಆ ಕಲಾವಿದರು ಒಂದೇ ಕೈಲಿ ಸಾ ಎತ್ತಿ ನಗ್ತಿದ್ದಾರೆ, ಕನ್ನಡಕ ಇಲ್ಲ, ಕಿವಿಗೆ ಏನಿಲ್ಲ, ಕಾಲಲ್ಲಿ ಚಪ್ಪಲಿ. ಮುಂದಿನ ಸಲ ದಯವಿಟ್ಟು ಬೇರೆ ಫೋಟೋ ಹಾಕಿ.

ಇಂತಿ,
ನಿಮ್ಮ ಓದುಗ, ಹವ್ಯಾಸಿ ಮರಗೆತ್ತನೆಗಾರ