ಗೌರಿಯ ಕರುವಿನ ಕಣ್ಣು

ಡೇವಿಸ್, ಕ್ಯಾಲಿಫೋರ್ನಿಯಾ

ಪ್ರೀತಿಯ ಅಪ್ಪ, ಅಮ್ಮನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನು ಆರಾಮಾಗಿದ್ದೇನೆ. ಗೌರಿಯ ಕರುವಿನ ಕಣ್ಣಿಗೆ ಹೂ ಬಿದ್ದಿದೆ ಅಂದಿರಲ್ಲ, ಅದನ್ನು ಕೇಳಿದಾಗಿನಿಂದ ಅದೇ ಯೋಚನೆ. ಫೋನಿನಲ್ಲಿ ಹೇಳಿದರೆ ಅಪ್ಪ "ಹ್ಞೂಂ ಹ್ಞೂಂ" ಅಂದು, ಆಮೇಲೆ ಪಕ್ಕದ ಮನೆಯವರು ಹೇಳಿದ್ದನ್ನೇ ಮಾಡ್ತಾರೆ. ಅದಕ್ಕೇ ಬರೆದು ತಮ್ಮನ ಫೋನಿಗೆ ಕಳಿಸುತ್ತಿದ್ದೇನೆ. ಅವನು ಓದಿ ಹೇಳಲಿ.

ದಯವಿಟ್ಟು ಕಣ್ಣಿಗೆ ಉಪ್ಪು ಊದಬೇಡಿ, ಎಲೆ ಅಡಿಕೆ ಜಗಿದು ಉಗುಳಬೇಡಿ. ಮನೆಯಲ್ಲಿ ಉಳಿದಿರೋ ಡ್ರಾಪ್ಸೂ ಬೇಡ. ಕೆಲವು ಡ್ರಾಪ್ಸಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಾಕಿದ ಕೂಡಲೇ ಕೆಂಪು ಇಳಿದು ವಾಸಿಯಾಯ್ತು ಅನ್ನಿಸುತ್ತದೆ. ಆದರೆ ಹುಣ್ಣು ಇದ್ದರೆ ಅದು ಒಳಗೊಳಗೇ ಆಳಕ್ಕಿಳಿದು ಕಣ್ಣೇ ತೂತಾಗಬಹುದು.

ಕರುಗಳಿಗೆ ಹೀಗಾದರೆ ಬಹಳ ಸಲ ಮೊರಾಕ್ಸೆಲ್ಲಾ ಬೋವಿಸ್ ಅನ್ನೋ ಬ್ಯಾಕ್ಟೀರಿಯಾ ಕಾರಣ. ನೊಣಗಳು ಅದನ್ನು ಒಂದು ದನದಿಂದ ಇನ್ನೊಂದಕ್ಕೆ ಹೊತ್ತು ತರುತ್ತವೆ. ಧೂಳು, ಬಿಸಿಲು ಸೇರಿದರೆ ಇನ್ನೂ ಜಾಸ್ತಿ. ಹಾಗಾಗಿ ಕರುವನ್ನು ಬೇರೆ ಕಡೆ, ನೆರಳಲ್ಲಿ ಕಟ್ಟಿ. ಗೌರಿಯ ಕಣ್ಣನ್ನೂ ನೋಡ್ತಾ ಇರಿ. ಕರುವನ್ನು ಮುಟ್ಟಿದ ಕೈ ತೊಳೆಯದೆ ಅವಳನ್ನು ಮುಟ್ಟಬೇಡಿ.

ದನದ ಡಾಕ್ಟ್ರು ಬಂದರೆ ಬಣ್ಣ ಹಾಕಿ ನೋಡಿ ಅಂತ ಕೇಳಿ. ಕಿತ್ತಳೆ ಬಣ್ಣದ ಪುಟ್ಟ ಕಾಗದದ ಚೂರು ಅದು. ಒದ್ದೆ ಮಾಡಿ ಕಣ್ಣಿಗೆ ತಾಗಿಸಿ, ನೀಲಿ ಟಾರ್ಚ್ ಬಿಡ್ತಾರೆ. ಗಾಯ ಇರೋ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ. ನಾನು ಅದನ್ನು ದಿನಾ ನೋಡ್ತೀನಿ, ಇನ್ನೂ ಬೇಜಾರಾಗಿಲ್ಲ.

"ನಾಯಿ ಕಣ್ಣು ನೋಡೋಕೆ ಅಮೆರಿಕಾಕ್ಕೆ ಹೋಗಬೇಕಿತ್ತಾ?" ಅಂತ ಅಪ್ಪ ಕೇಳಿದ್ದರಲ್ಲ, ಅದಕ್ಕೂ ಉತ್ತರ ಇಲ್ಲೇ ಇದೆ. ಕಣ್ಣಿನ ಮುಂದಿನ ಗಾಜಿನಂಥ ಭಾಗ, ಕಾರ್ನಿಯಾ, ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅಷ್ಟರಲ್ಲೇ ಪದರದ ಮೇಲೆ ಪದರ. ಮೇಲಿನದು ಗೀರಿದರೆ ಕೆಲವೇ ದಿನದಲ್ಲಿ ಕೂಡಿಕೊಳ್ಳುತ್ತದೆ. ನಡುವಿನ ಪದರಕ್ಕೆ ಪೆಟ್ಟಾದರೆ ಬಿಳಿ ಕಲೆ ಉಳಿಯಬಹುದು. ಎಲ್ಲಕ್ಕಿಂತ ಒಳಗಿರುವುದು ಒಂದೇ ಸಾಲು ಕೋಶಗಳ ಪದರ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಥೇಟ್ ಜೇನುಹುಟ್ಟು, ಆರಾರು ಮೂಲೆ. ಒಂದು ಚದರ ಮಿಲಿಮೀಟರಿಗೆ ಸುಮಾರು 2500 ಕೋಶ. ಅವುಗಳ ಕೆಲಸ ಕಾರ್ನಿಯಾದೊಳಗೆ ನುಗ್ಗುವ ನೀರನ್ನು ಹೊರಗೆ ಹಾಕುತ್ತಲೇ ಇರುವುದು. ಅವು ಕಮ್ಮಿಯಾದರೆ ನೀರು ತುಂಬಿ ಕಣ್ಣು ನೀಲಿ ಬಿಳುಪಾಗುತ್ತದೆ. ಮನುಷ್ಯರಲ್ಲಿ, ನಾಯಿಗಳಲ್ಲಿ ಸತ್ತ ಕೋಶಕ್ಕೆ ಬದಲು ಹೊಸದು ಹುಟ್ಟುವುದಿಲ್ಲ ಅಂತಲೇ ಹೇಳಬೇಕು. ಪಕ್ಕದವು ಹಿಗ್ಗಿ ಆ ಜಾಗ ಮುಚ್ಚುತ್ತವೆ, ಅಷ್ಟೇ. ಮೊಲಕ್ಕಾದರೆ ಆ ಭಾಗ್ಯ ಇದೆ, ಅದರ ಕೋಶಗಳು ಮತ್ತೆ ಬೆಳೆಯುತ್ತವೆ. ಅದಕ್ಕೇ ಮೊಲದಲ್ಲಿ ಗೆದ್ದ ಔಷಧಿಯನ್ನು ನಾನು ಅಷ್ಟು ಬೇಗ ನಂಬಲ್ಲ.

ಬಾಸ್ಟನ್ ಟೆರಿಯರ್ ಅನ್ನೋ ಚಪ್ಪಟೆ ಮೂತಿಯ ನಾಯಿಗಳಿಗೆ ವಯಸ್ಸಾದಂತೆ ಹೀಗೆ ಒಳಪದರದ ಕೋಶ ಕಮ್ಮಿಯಾಗುವ ಕಾಯಿಲೆ ಬರುತ್ತದೆ. ಮನುಷ್ಯರಿಗೆ ಬರುವ ಫುಕ್ಸ್ ಅನ್ನೋ ಕಣ್ಣಿನ ಕಾಯಿಲೆಯನ್ನೇ ಹೋಲುತ್ತದೆ. ಗ್ಲಾಕೋಮಾ ಅನ್ನೋ ಇನ್ನೊಂದು ಕಣ್ಣಿನ ಕಾಯಿಲೆಗೆ ಅಂತ ಜಪಾನಿನಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕ ರಿಪಾಸುಡಿಲ್ ಡ್ರಾಪ್ಸನ್ನು ಈ ನಾಯಿಗಳಿಗೂ ದಿನಕ್ಕೆ ನಾಲ್ಕು ಸಲ ಹಾಕಿ ನೋಡಿದ್ದಾರೆ. ಕೆಲವಕ್ಕೆ ಉಪಯೋಗವಾಯಿತು, ಕೆಲವಕ್ಕೆ ಇಲ್ಲ. ಯಾಕೆ ಅಂತ ಹುಡುಕೋದೇ ನಮ್ಮ ಕೆಲಸ.

ಅಮ್ಮ, 2021ರಲ್ಲಿ ಅಪ್ಪು ಅವರ ಎರಡು ಕಣ್ಣು ನಾಲ್ಕು ಜನಕ್ಕೆ ಹೇಗೆ ಬಂತು ಅಂತ ನೀನು ಕೇಳಿದ್ದೆ. ಹೀಗೇ. ನಾರಾಯಣ ನೇತ್ರಾಲಯದವರು ಒಂದೊಂದು ಕಾರ್ನಿಯಾವನ್ನೂ ಎರಡು ಮಾಡಿದರು. ಮೇಲಿನ ಪದರ ಕೆಟ್ಟವರಿಗೆ ಮೇಲಿನದು, ಒಳಗಿನದು ಕೆಟ್ಟವರಿಗೆ ಒಳಗಿನದು. ನಾಯಿಗೆ ನೇತ್ರದಾನಿಗಳು ಎಲ್ಲಿ ಸಿಗ್ತಾರೆ ಹೇಳು. ಅದಕ್ಕೇ ಡ್ರಾಪ್ಸಿನ ಮೇಲೆ ಇಷ್ಟು ಆಸೆ.

ಇಲ್ಲಿ ಈಗ ಟೊಮೇಟೊ ಕೊಯ್ಲು. ರಸ್ತೆ ತುಂಬಾ ಲಾರಿಗಳು. ಅಪ್ಪ ನೋಡಿದ್ದರೆ ರೇಟ್ ಎಷ್ಟು ಅಂತ ಕೇಳ್ತಿದ್ದರು.

ಕರುವಿನ ಕಣ್ಣಿನ ಫೋಟೋ ಕಳಿಸಿ. ನೆರಳಲ್ಲಿ ನಿಲ್ಲಿಸಿ, ಪಕ್ಕದಿಂದ ತೆಗೆಯಲಿ, ಫ್ಲ್ಯಾಶ್ ಬೇಡ. ಫೋಟೋಗೆ ಅಂತ ಕಾಯಬೇಡಿ, ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ದನಕರುಗಳ ಆಂಬುಲೆನ್ಸ್ ನಂಬರ್ 1962ಕ್ಕೆ ಮಾಡಿದರೂ ಆಯ್ತು. ಅವರು ಕೊಟ್ಟ ಔಷಧಿಯ ಹೆಸರು ಬರೆದಿಟ್ಟುಕೊಳ್ಳಿ, ರಾತ್ರಿ ಕೇಳ್ತೀನಿ.

ನಿಮ್ಮ ಮಗಳು