ವಿಷಯ ಕೊಡಬೇಡಿ, ಪ್ರಶ್ನೆ ಕೊಡಿ

ಮಾನ್ಯ ಸಂಪಾದಕರೇ,

ಬರೆಯಲು ಕುಳಿತರೆ ವಿಷಯವೇ ಹೊಳೆಯುವುದಿಲ್ಲ ಎಂದು ಕೆಲವು ಯುವ ಬರಹಗಾರರು ತೋಡಿಕೊಂಡದ್ದನ್ನು ತಮ್ಮ ಭಾನುವಾರದ ಪುರವಣಿಯಲ್ಲಿ ಓದಿದೆ. 31 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ಈಗ ಕಾರವಾರದ ಕೋಡಿಬಾಗದಲ್ಲಿ ನೆಲೆಸಿರುವ ನನಗೂ ಈ ಕಷ್ಟ ಹೊಸದಲ್ಲ. ಬಿಡುವು ಸಿಕ್ಕಿತು, ಇನ್ನು ಲಲಿತ ಪ್ರಬಂಧಗಳನ್ನು ಬರೆದು ಗುಡ್ಡೆ ಹಾಕುತ್ತೇನೆ ಎಂದುಕೊಂಡವನು ನಿವೃತ್ತಿಯ ನಂತರದ ಏಳು ತಿಂಗಳಲ್ಲಿ ಒಂದು ಪುಟವನ್ನೂ ಮುಗಿಸಲಿಲ್ಲ. ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿದೆ, ಹೊಸ ಪೆನ್ನು ತಂದೆ, ಸಂಜೆ ಟ್ಯಾಗೋರ್ ಕಡಲತೀರದಲ್ಲಿ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಸೂರ್ಯ ದಿನವೂ ತಪ್ಪದೆ ಮುಳುಗಿದ. ಪುಟದ ಮೇಲೆ ತಾರೀಖು ಬಿಟ್ಟು ಬೇರೇನೂ ಮೂಡಲಿಲ್ಲ.

ಆ ತೀರಕ್ಕೆ ಹೆಸರು ಬಂದ ಕಥೆ ನಮ್ಮೂರಲ್ಲಿ ಎಲ್ಲರಿಗೂ ಬಾಯಿಪಾಠ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ತರುಣ ರವೀಂದ್ರನಾಥ ಟ್ಯಾಗೋರರು, 1883ರ ಕೊನೆಯಲ್ಲಿ ನಡೆದ ತಮ್ಮ ಮದುವೆಗೆ ಮೊದಲು, ಬಂದು ತಂಗಿದ್ದರು, ಇಲ್ಲಿಯೇ ಒಂದು ನಾಟಕ ಬರೆದರು. ಇದರಿಂದಾಗಿ ಮರಳ ಮೇಲೆ ಕುಳಿತರೆ ಬರಹ ತಾನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಬೇರೂರಿದೆ. ಆದರೆ ರವೀಂದ್ರನಾಥರು ಮುಂದೆ ತಮ್ಮ ನೆನಪುಗಳಲ್ಲಿ ಹೇಳಿದ್ದನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯ ಮೇಲೆ ಹೋಗಿ, ಮರಳುವಾಗ ಅಳಿವೆಯ ಬಳಿ ಇಳಿದು, ಮರಳಿನ ಮೇಲೆ ನಡೆದು ಮನೆ ಸೇರಿ, ಆ ರಾತ್ರಿಯೇ ಕವಿತೆ ಬರೆದದ್ದನ್ನು ವಿವರಿಸಿದ ಅವರು, ಭಾವ ಉಕ್ಕಿ ಹರಿಯುತ್ತಿರುವಾಗಲೇ ಬರೆದರೆ ಚೆನ್ನಾಗಿರುತ್ತದೆ ಎಂದು ಭಾವಿಸಬಾರದು, ಬರೆಯುವವನು ತನ್ನ ಅನುಭವಕ್ಕೆ ತೀರ ಹತ್ತಿರವೂ ಇರಬಾರದು, ಸರಿಯಾದ ಬಣ್ಣ ಹಚ್ಚುವ ಕುಂಚವೆಂದರೆ ನೆನಪು ಎಂಬ ಅರ್ಥದ ಮಾತನ್ನು ಅಲ್ಲಿಯೇ ಸೇರಿಸಿದ್ದಾರೆ. ಹನೇಹಳ್ಳಿಯ ಯಶವಂತ ಚಿತ್ತಾಲರು ಬದುಕಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದೂ ಕತೆಗಳಲ್ಲಿ ಮತ್ತೆ ಮತ್ತೆ ಹನೇಹಳ್ಳಿಗೇ ಬಂದದ್ದನ್ನು ಇದರ ಜೊತೆಗಿಟ್ಟು ನೋಡಿದಾಗ, ಎದುರಿಗೆ ಬಂದ ಅಲೆಯನ್ನು ಕೈಯಲ್ಲಿ ಹಿಡಿಯಲು ಹೊರಟಿದ್ದ ನನ್ನ ಅವಸರಕ್ಕೆ ನನಗೇ ನಗು ಬಂತು.

ಹಾಗಾದರೆ ನೆನಪಿನಲ್ಲಿ ಇರುವುದನ್ನು ಹೊರಗೆ ತೆಗೆಯುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಶಿರಸಿ ಸೀಮೆಯ ನೆಂಟರ ಮನೆಯ ಜಗುಲಿಯಲ್ಲಿ. ಮಳೆಗಾಲದ ರಾತ್ರಿ, ವೇಷ-ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಲೆ, ವಾಲಿವಧೆಯ ಪ್ರಸಂಗ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳುತ್ತಾನೆ, ರಾಮ ಉತ್ತರಿಸುತ್ತಾನೆ. ನಮ್ಮ ಅಜ್ಜಂದಿರ ಕಾಲದಿಂದಲೂ ಇದೇ ಕತೆ. ಆದರೂ ಆ ರಾತ್ರಿ ರಾಮನಾಗಿದ್ದ ಅರ್ಥಧಾರಿ ನಾನು ಎಂದೂ ಕೇಳಿರದ ಮಾತುಗಳನ್ನು ಒಂದರ ಹಿಂದೊಂದು ಹೇಳುತ್ತಾ ಹೋದರು. ನಡುವೆ ಚಹಾಕ್ಕೆ ಎದ್ದಾಗ, ಇಷ್ಟೊಂದು ಹೊಸತು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ‘ಮಾಸ್ತರೇ, ನಾನು ಮನೆಯಿಂದ ಮಾತು ಕಟ್ಟಿಕೊಂಡು ಬರುವವನಲ್ಲ. ಎದುರಿಗೆ ಕೂತವ ಸರಿಯಾಗಿ ಕೇಳಿದರೆ ನನಗೆ ಬಾಯಿ ಬರುತ್ತದೆ, ಅವ ಕೇಳದೆ ಬರೀ ಹೊಗಳಿದರೆ ಹತ್ತು ನಿಮಿಷಕ್ಕೆ ನನ್ನ ರಾಮನ ಕತೆ ಮುಗಿದ ಹಾಗೆ’ ಎಂದರು. ಖಾಲಿ ಹಾಳೆಯ ತೊಂದರೆಯೂ ಇದೇ ಎಂದು ನನಗೆ ಅಂದು ಅನ್ನಿಸಿತು. ಅದು ಎದುರಿಗೆ ಕೂತಿರುತ್ತದೆ, ಏನನ್ನೂ ಕೇಳುವುದಿಲ್ಲ.

ಈಗ ಈ ಪತ್ರಕ್ಕೆ ಕಾರಣವಾದ ಸಂಗತಿಗೆ ಬರುತ್ತೇನೆ. ಕಳೆದ ಜುಲೈನಲ್ಲಿ ಒಂದು ಸಂಸ್ಥೆ ಪ್ರೌಢಶಾಲೆಯ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ನಡೆಸಿ, ತೀರ್ಪುಗಾರರಲ್ಲಿ ಒಬ್ಬನಾಗಿ ನನ್ನನ್ನು ಕರೆದಿತ್ತು. ವಿಷಯ: ‘ಕಡಲು ಮತ್ತು ನಾವು’. ಅರ್ಧ ಗಂಟೆ ಕಳೆದರೂ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಹಾಳೆಯ ಮೇಲೆ ಇದ್ದದ್ದು ‘ಕಡಲು ನಿಸರ್ಗದ ವರದಾನ’ ಎಂಬ ಒಂದೇ ಸಾಲು, ಅದಕ್ಕೂ ಅಡ್ಡಗೀಟು ಬಿದ್ದಿತ್ತು. ತೀರ್ಪುಗಾರನಾದವನು ಹಾಗೆ ಮಾಡಬಾರದಿತ್ತು, ಒಪ್ಪುತ್ತೇನೆ, ಆದರೂ ಹತ್ತಿರ ಹೋಗಿ, ಇವತ್ತು ಬೆಳಿಗ್ಗೆ ನಿಮ್ಮ ಆಯಿ ಎಲ್ಲಿಗೆ ಹೋದರು ಎಂದು ಮೆಲ್ಲಗೆ ಕೇಳಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಆ ದಿನಗಳಲ್ಲಿ ಅವಳ ತಾಯಿ ಒಣಮೀನು ತುಂಬಿಕೊಂಡು ಕದ್ರಾ ಕಡೆಯ ಹಳ್ಳಿಗಳಿಗೆ ಹೋಗುತ್ತಾರಂತೆ. ನಾತ ಬರಬಾರದೆಂದು ಬುಟ್ಟಿಗೆ ಎರಡು ಪದರ ಪ್ಲಾಸ್ಟಿಕ್ ಕಟ್ಟಿ ಅದರ ಮೇಲೊಂದು ಮಲ್ಲಿಗೆ ಮಾಲೆ ಇಡುತ್ತಾರೆ. ಆದರೂ ಕಂಡಕ್ಟರಿಗೆ ಗೊತ್ತಾಗಿಯೇ ಆಗುತ್ತದೆ. ಬೈದು ಹಿಂದಿನ ಸೀಟಿಗೆ ಕಳಿಸಿ ಬುಟ್ಟಿಗೂ ಟಿಕೆಟ್ ಹರಿಯುತ್ತಾನೆ. ‘ಆದ್ರೆ ಸರ್, ಶನಿವಾರ ಮನೆಗೆ ಹೋಗುವಾಗ ಒಣ ಸಿಗಡಿ ಕಟ್ಟಿಸ್ಕೊಂಡು ಹೋಗೂದೂ ಅವ್ನೇ’ ಎಂದು ನಕ್ಕವಳು, ತಕ್ಷಣ ಗಂಭೀರಳಾಗಿ ‘ಇದನ್ನೆಲ್ಲ ಬರೆದ್ರೆ ನಡೀತದಾ ಸರ್?’ ಎಂದು ಕೇಳಿದಳು.

ನಡೆಯುತ್ತದೆ ಎಂದೆ. ಅವಳು ಉಳಿದ ಅರ್ಧ ಗಂಟೆಯಲ್ಲಿ ಮೂರು ಪುಟ ಬರೆದಳು. ನನ್ನ ಜೊತೆಯ ತೀರ್ಪುಗಾರರು ಅದರ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ‘ವಿಷಯಾಂತರವಾಗಿದೆ’ ಎಂದು ಬರೆದರು. ಬಹುಮಾನ ಬಂದ ಪ್ರಬಂಧ ‘ಕಡಲು ನಿಸರ್ಗದ ವರದಾನ’ ಎಂದೇ ಶುರುವಾಗುತ್ತಿತ್ತು.

ಬರೆಯುವ ಉಮೇದು ಹೀಗೆ ಎಳವೆಯಲ್ಲಿಯೇ ಬತ್ತುವುದರಲ್ಲಿ ವಿಷಯ ಕೊಡುವವರ ಪಾಲೂ ಇದೆ ಎಂಬುದು ನನ್ನ ದೂರು. ‘ಪರಿಸರ ಸಂರಕ್ಷಣೆ’, ‘ನಮ್ಮ ಸಂಸ್ಕೃತಿ’ ಎಂಬಂಥ ತಲೆಬರಹ ಕೊಟ್ಟರೆ ದೊಡ್ಡವರಿಗೂ ಕೈಕಾಲು ಆಡುವುದಿಲ್ಲ, ಮೊದಲೇ ಯಾರೋ ಬರೆದಿಟ್ಟ ವಾಕ್ಯಗಳು ಮಾತ್ರ ನೆನಪಾಗುತ್ತವೆ. ಅದರ ಬದಲು ಪ್ರಶ್ನೆ ಕೇಳಿ ನೋಡಬಹುದು. ಶಿರಸಿಯ ಮಾರಿಕಾಂಬೆಯ ಜಾತ್ರೆ ಮುಗಿದ ಮರುದಿನ ಬೆಳಿಗ್ಗೆ ಬಿಡ್ಕಿಬಯಲು ಹೇಗಿರುತ್ತದೆ? ಮಳೆ ಹದಿನೈದು ದಿನ ಮೊದಲೇ ಬಂದ ವರ್ಷ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಮೊದಲು ಓಡಿ ಬರುವವರು ಯಾರು? ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದ ತುದಿಯಲ್ಲಿರುವಾಗ ಕೆಳಗೆ ಹಗ್ಗ ಹಿಡಿದು ನಿಂತವನು ಅವನೊಡನೆ ಏನು ಮಾತಾಡುತ್ತಾನೆ? 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಸುದ್ದಿಯನ್ನು ನಿಮ್ಮ ಮನೆಯಲ್ಲಿ ಯಾರು ಯಾರಿಗೆ ಹೇಗೆ ಹೇಳಿದರು? ಇವಕ್ಕೆ ಉತ್ತರ ಬರೆಯಲು ಪ್ರತಿಭೆಗಿಂತ ಮೊದಲು ಬೇಕಾಗುವುದು ಎದ್ದು ಹೋಗಿ ಒಬ್ಬರನ್ನು ವಿಚಾರಿಸುವ ಮನಸ್ಸು. ನಾನಂತೂ ಈಗ ಮೇಜಿನ ಮುಂದೆ ಕೂರುವ ಮೊದಲು ಒಂದು ಪ್ರಶ್ನೆ ಬರೆದುಕೊಳ್ಳುತ್ತೇನೆ, ಉತ್ತರ ಗೊತ್ತಿದ್ದರೆ ಅದನ್ನು ಹೊಡೆದು ಹಾಕಿ ಇನ್ನೊಂದನ್ನು ಬರೆಯುತ್ತೇನೆ. ಎಲ್ಲ ದಿನವೂ ಫಲ ಸಿಗುತ್ತದೆ ಎಂದಲ್ಲ. ಆದರೆ ಬರೀ ತಾರೀಖಿನ ಪುಟಗಳು ಕಡಿಮೆಯಾಗಿವೆ.

ತಮ್ಮ ಪುರವಣಿಯಲ್ಲಿ ವಾರಕ್ಕೊಂದು ಇಂಥ ಪ್ರಶ್ನೆಯನ್ನು ಮಕ್ಕಳಿಗಾಗಿ ಪ್ರಕಟಿಸಿ, ಬಂದ ಉತ್ತರಗಳಲ್ಲಿ ಒಂದೆರಡನ್ನು ತಿದ್ದಿ ನುಣುಪು ಮಾಡದೆ ಅಚ್ಚು ಹಾಕಬೇಕೆಂದು ಕೋರುತ್ತೇನೆ. ಮೊದಲ ಹತ್ತು ಪ್ರಶ್ನೆಗಳನ್ನು ಬರೆದು ಕಳಿಸಲು ನಾನು ಸಿದ್ಧನಿದ್ದೇನೆ. ಬಸ್ಸಿನಲ್ಲಿ ಯಾವ ಬುಟ್ಟಿಗೆ ಟಿಕೆಟ್ ಇದೆ, ಯಾವುದಕ್ಕೆ ಇಲ್ಲ ಎಂಬುದು ಅವುಗಳಲ್ಲಿ ಮೊದಲನೆಯದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ
ಕೋಡಿಬಾಗ, ಕಾರವಾರ