ಕೊಲೆಸ್ಟ್ರಾಲ್ ವರದಿಯ ಜೊತೆಗೆ ಮನೆತನವನ್ನೂ ಕೇಳಿ

ಮಾನ್ಯ ಸಂಪಾದಕರೇ,

ರಕ್ತದಲ್ಲಿನ ಕೊಬ್ಬಿನ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬರುವ ಲೇಖನಗಳನ್ನು ನಾನು ಹಲವು ವರ್ಷಗಳಿಂದ ಓದುತ್ತಿದ್ದೇನೆ. ಬರೆದವರು ಯಾರೇ ಆಗಿರಲಿ, ಬಹುಪಾಲು ಲೇಖನಗಳು ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತವೆ: ಬಾಯಿಗೆ ಕಡಿವಾಣ ಹಾಕಿ, ದಿನವೂ ನಡೆಯಿರಿ, ಕೊಲೆಸ್ಟ್ರಾಲ್ ತಾನಾಗಿಯೇ ಇಳಿಯುತ್ತದೆ. ಈ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದ ಅರ್ಧವನ್ನು ಯಾರೂ ಹೇಳದೇ ಹೋದುದರಿಂದ ನನ್ನ ಅಣ್ಣ ಚಿಕಿತ್ಸೆಯಿಲ್ಲದೆ ನಾಲ್ಕು ವರ್ಷ ಕಳೆದ. ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ 26 ವರ್ಷ ತಂತ್ರಜ್ಞೆಯಾಗಿ ದುಡಿದ ನಾನೂ ಅದನ್ನು ಸಕಾಲದಲ್ಲಿ ಗುರುತಿಸಲಿಲ್ಲ ಎಂಬ ಸಂಕಟ ಈ ಪತ್ರದ ಹಿಂದಿದೆ.

ಪ್ರಯೋಗಾಲಯದಲ್ಲಿ ನಿತ್ಯ ಕಾಣುವ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ರಕ್ತದ ಮಾದರಿಯನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟು ತಿರುಗಿಸಿದಾಗ ರಕ್ತಕಣಗಳು ತಳಕ್ಕಿಳಿದು, ಮೇಲೆ ತಿಳಿಹಳದಿ ಬಣ್ಣದ ಸೀರಮ್ ನಿಲ್ಲುತ್ತದೆ. ಟ್ರೈಗ್ಲಿಸರೈಡ್ ಎಂಬ ಬಗೆಯ ಕೊಬ್ಬು ಬಹಳ ಹೆಚ್ಚಿರುವವರ ಸೀರಮ್ ಹಾಗಿರುವುದಿಲ್ಲ. ಹಾಲು ಬೆರೆಸಿದಂತೆ ಬೆಳ್ಳಗೆ ಮಬ್ಬಾಗಿರುತ್ತದೆ, ಕೊಳವೆಯನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುವುದಿಲ್ಲ. ಆದರೆ ಕೆಟ್ಟ ಕೊಲೆಸ್ಟ್ರಾಲ್ ಎಂದು ಹೆಸರಾದ ಎಲ್‌ಡಿಎಲ್ ಒಂದು ಡೆಸಿಲೀಟರಿಗೆ 250 ಮಿಲಿಗ್ರಾಂ ಇರುವವರ ಸೀರಮ್, 90 ಇರುವವರ ಸೀರಮ್‌ನಷ್ಟೇ ತಿಳಿಯಾಗಿ ಕಾಣುತ್ತದೆ, ಏಕೆಂದರೆ ಎಲ್‌ಡಿಎಲ್ ಕಣಗಳು ಬೆಳಕನ್ನು ಕಣ್ಣಿಗೆ ಕಾಣುವಷ್ಟು ಚದುರಿಸಲಾರದಷ್ಟು ಚಿಕ್ಕವು. ಜನ ಕೊಲೆಸ್ಟ್ರಾಲ್ ಎಂಬ ಒಂದೇ ಹೆಸರಿನಲ್ಲಿ ಕರೆಯುವುದು ಹೀಗೆ ಕೊಳವೆಯಲ್ಲಿಯೇ ಬೇರೆಬೇರೆಯಾಗಿ ವರ್ತಿಸುವ ವಸ್ತುಗಳನ್ನು. ಅವು ಏರುವ ಕಾರಣಗಳೂ ಒಂದೇ ಅಲ್ಲ, ಇಳಿಯುವ ದಾರಿಗಳೂ ಒಂದೇ ಅಲ್ಲ. ರಕ್ತದ ಕೊಬ್ಬುಗಳನ್ನು ಅಳೆಯುವ ಲಿಪಿಡ್ ಪ್ರೊಫೈಲ್ ವರದಿಯ ಯಾವ ಸಾಲು ನಮ್ಮ ನಡೆನುಡಿಗೆ ಬಗ್ಗುತ್ತದೆ, ಯಾವುದು ಹುಟ್ಟಿನಿಂದಲೇ ಬಂದದ್ದು ಎಂಬುದನ್ನು ಬಿಡಿಸಿ ಹೇಳದೆ ಎಲ್ಲರಿಗೂ ಒಂದೇ ಉಪದೇಶ ಕೊಡುವುದು ನನ್ನ ದೃಷ್ಟಿಯಲ್ಲಿ ಅಪಾಯಕಾರಿ.

ಎಲ್‌ಡಿಎಲ್ ಸಾಲನ್ನೇ ಮೊದಲು ನೋಡೋಣ. ರಕ್ತದಲ್ಲಿ ಎಲ್‌ಡಿಎಲ್ ಎಷ್ಟಿರುತ್ತದೆ ಎಂಬುದು ನಾವು ಎಷ್ಟು ಕೊಬ್ಬು ತಿಂದೆವು ಎಂಬುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಯಕೃತ್ತು ಅದನ್ನು ಎಷ್ಟು ಬೇಗ ರಕ್ತದಿಂದ ಹೊರಗೆಳೆಯುತ್ತದೆ ಎಂಬುದೇ ಮುಖ್ಯ. ಯಕೃತ್ತಿನ ಜೀವಕೋಶಗಳ ಮೇಲ್ಮೈಯಲ್ಲಿ ಎಲ್‌ಡಿಎಲ್ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಅವು ಹಾದುಹೋಗುವ ಎಲ್‌ಡಿಎಲ್ ಕಣವನ್ನು ಹಿಡಿದು ಒಳಗೆ ಒಯ್ದು, ಅದನ್ನು ಅಲ್ಲಿ ಬಿಟ್ಟು, ಮತ್ತೆ ಮೇಲ್ಮೈಗೆ ಬರುತ್ತವೆ. ಈ ಒಂದು ಸುತ್ತಿಗೆ ಸುಮಾರು 10 ನಿಮಿಷ ಸಾಕು. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎಳೆಯ ವಯಸ್ಸಿನಲ್ಲೇ ಹೃದಯಾಘಾತಕ್ಕೆ ತುತ್ತಾಗುವ ಮಕ್ಕಳ ಕಾಯಿಲೆಯ ಮೂಲ ಹುಡುಕುತ್ತಾ ಅವರು ಈ ಗ್ರಾಹಕವನ್ನು ಪತ್ತೆ ಮಾಡಿದರು ಎಂಬುದನ್ನು ಇಲ್ಲಿ ನೆನೆಯಲೇಬೇಕು. ಆ ಮಕ್ಕಳಿಗೆ ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಿರುತ್ತದೆ. ಇದು ಬಹಳ ವಿರಳ. ಆದರೆ ಒಬ್ಬರಿಂದ ಮಾತ್ರ ಅಂತಹ ವಂಶವಾಹಿ ಪಡೆದವರು ವಿರಳರಲ್ಲ. ಸುಮಾರು 250 ಜನರಲ್ಲಿ ಒಬ್ಬರು ಹಾಗಿದ್ದಾರೆ. ಹುಟ್ಟಿದ ದಿನದಿಂದಲೇ ಇವರ ಎಲ್‌ಡಿಎಲ್ ಹೆಚ್ಚು. ಚಿಕಿತ್ಸೆ ಸಿಗದಿದ್ದರೆ ಇಂತಹ ಪುರುಷರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ 50 ವರ್ಷ ತುಂಬುವುದರೊಳಗೆ ಪರಿಧಮನಿಯ, ಅಂದರೆ ಹೃದಯಕ್ಕೆ ರಕ್ತ ಒದಗಿಸುವ ನಾಳಗಳ, ಕಾಯಿಲೆ ಕಾಣಿಸಿಕೊಳ್ಳುತ್ತದೆ. ಮಹಿಳೆಯರಲ್ಲಿ ಅದು ಹತ್ತು ವರ್ಷ ತಡವಾಗಿ ಬರುತ್ತದೆ, ಅಷ್ಟೇ.

ನನ್ನ ಅಣ್ಣ ಈ 250ರಲ್ಲಿ ಒಬ್ಬ. ತೆಳ್ಳಗಿನ ಮೈ, ಸಿಗರೇಟು ಮುಟ್ಟಿದವನಲ್ಲ, ಬೆಳಗಿನ ನಡಿಗೆ ತಪ್ಪಿಸಿದವನಲ್ಲ. 42ನೇ ವಯಸ್ಸಿನಲ್ಲಿ ಮೊದಲ ಸಲ ಪರೀಕ್ಷೆ ಮಾಡಿಸಿದಾಗ ಅವನ ಎಲ್‌ಡಿಎಲ್ 248 ಇತ್ತು. ಅವನು ನೋಡಿದ ವೈದ್ಯರು ಪಥ್ಯ ಹೇಳಿದರು; ಆರು ತಿಂಗಳು ಅದನ್ನು ವ್ರತದಂತೆ ಪಾಲಿಸಿದ ಮೇಲೆ ಅಂಕಿ 219ಕ್ಕೆ ಇಳಿಯಿತು. ಪಥ್ಯದಿಂದ ಎಲ್‌ಡಿಎಲ್ ಸಾಮಾನ್ಯವಾಗಿ ಇಳಿಯುವುದೇ ಶೇ 10ರಿಂದ 15ರಷ್ಟು ಎಂಬುದನ್ನು ಬಲ್ಲವರಿಗೆ, ಅವನು ತನ್ನ ಪಾಲಿನ ಕೆಲಸವನ್ನು ಪೂರ್ತಿಯಾಗಿಯೇ ಮಾಡಿದ್ದಾನೆ ಎಂಬುದು ಆ ಎರಡು ಅಂಕಿಗಳಿಂದಲೇ ತಿಳಿಯಬೇಕಿತ್ತು. ಅದರ ಬದಲು ಅವನಿಗೆ ಸಿಕ್ಕಿದ್ದು, "ನೀವು ಏನನ್ನೋ ಮುಚ್ಚಿಡುತ್ತಿದ್ದೀರಿ" ಎಂಬ ಮಾತು. ಅಂದಿನಿಂದ ಮನೆಯಲ್ಲಿ ಊಟದ ಹೊತ್ತು ವಿಚಾರಣೆಯಂತಾಯಿತು. ಅತ್ತಿಗೆ ಅವನ ತಟ್ಟೆಯನ್ನೇ ನೋಡುತ್ತಿದ್ದರು, ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ, ಕೊನೆಗೆ ಬೇಸತ್ತು ಪರೀಕ್ಷೆ ಮಾಡಿಸುವುದನ್ನೇ ಬಿಟ್ಟ. 46ನೇ ವಯಸ್ಸಿನಲ್ಲಿ ಅವನಿಗೆ ಹೃದಯಾಘಾತವಾಯಿತು.

ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಅವನನ್ನು ನೋಡಲು ಬಂದ ಇನ್ನೊಬ್ಬ ವೈದ್ಯೆ ಎದೆಗೆ ಸ್ಟೆತೊಸ್ಕೋಪ್ ಇಡುವ ಮೊದಲು ಹೊದಿಕೆ ಸರಿಸಿ ಅವನ ಹಿಮ್ಮಡಿಯನ್ನು ಹಿಡಿದು ನೋಡಿದರು. ಹಿಮ್ಮಡಿಯ ಮೇಲೆ ಹಗ್ಗದಂತೆ ಕೈಗೆ ಸಿಗುವ ಸ್ನಾಯುರಜ್ಜು ಎರಡೂ ಕಾಲಿನಲ್ಲಿ ದಪ್ಪಗಿತ್ತು, ಉಬ್ಬುತಗ್ಗಾಗಿತ್ತು. ಅದನ್ನು ನಾವೆಲ್ಲ ಚಪ್ಪಲಿ ಉಜ್ಜಿ ಆದದ್ದು ಎಂದುಕೊಂಡಿದ್ದೆವು. ನಿಜದಲ್ಲಿ ಅದು ವರ್ಷಗಟ್ಟಲೆ ಅಲ್ಲಿ ಸಂಗ್ರಹವಾದ ಕೊಲೆಸ್ಟ್ರಾಲ್. ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: "ನಿಮ್ಮ ತಂದೆ ಹೇಗೆ ತೀರಿಕೊಂಡರು?" ನಮ್ಮ ತಂದೆ 49ನೇ ವಯಸ್ಸಿನಲ್ಲಿ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ನಾಲ್ಕು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅಣ್ಣನಿಗೆ ಬೇರೆ ಯಾರೂ ಕೇಳಿರಲಿಲ್ಲ, ನನ್ನನ್ನೂ ಸೇರಿಸಿ. ಈಗ ಅವನು ಎರಡು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಾನೆ, ಎಲ್‌ಡಿಎಲ್ 96ಕ್ಕೆ ಬಂದಿದೆ, ಇನ್ನೂ ಇಳಿಸುವ ಪ್ರಯತ್ನ ನಡೆದಿದೆ. ಅವನ ಜೊತೆಗೇ ಬೆಳೆದ, ಅದೇ ಅಡುಗೆ ಉಂಡ, ಅವನಿಗಿಂತ ಕಡಿಮೆ ನಡೆಯುವ ನನ್ನ ಎಲ್‌ಡಿಎಲ್ 104. ತಂದೆಯ ದೋಷಯುಕ್ತ ವಂಶವಾಹಿ ಅವನಿಗೆ ಬಂತು, ನನಗೆ ಬರಲಿಲ್ಲ. ಇದರಲ್ಲಿ ಅವನ ತಪ್ಪೂ ಇಲ್ಲ, ನನ್ನ ಸಾಧನೆಯೂ ಇಲ್ಲ.

ಇಷ್ಟು ಓದಿದವರು, ಹಾಗಾದರೆ ಎಲ್ಲವೂ ಹಣೆಬರಹ ಎಂದುಕೊಂಡರೆ ನಾನು ಬರೆದದ್ದು ವ್ಯರ್ಥ. ವರದಿಯ ಇನ್ನೊಂದು ಸಾಲು ಟ್ರೈಗ್ಲಿಸರೈಡ್. ಅದಕ್ಕೂ ವಂಶದ ನಂಟು ಇದೆ, ಆದರೆ ನಮ್ಮ ದಿನಚರಿಯ ಮಾತನ್ನು ಅದು ಬಹಳ ಬೇಗ ಕೇಳುತ್ತದೆ. ಹೊಟ್ಟೆಯೊಳಗಿನ ಅಂಗಾಂಗಗಳ ಸುತ್ತ ಕೊಬ್ಬು ತುಂಬಿ, ಇನ್ಸುಲಿನ್‌ನ ಮಾತಿಗೆ ದೇಹ ಸರಿಯಾಗಿ ಓಗೊಡದಂತಾದಾಗ, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ. ಯಕೃತ್ತು ಅದನ್ನು ರಕ್ತಕ್ಕೆ ಸುರಿಯುತ್ತದೆ. ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎಂದು ಹೆಸರಾದ ಎಚ್‌ಡಿಎಲ್ ಇಳಿಯುತ್ತದೆ, ಜೊತೆಗೆ ರಕ್ತದೊತ್ತಡ ಮತ್ತು ಸಕ್ಕರೆಯೂ ಏರತೊಡಗುತ್ತವೆ. ಇವೆಲ್ಲ ಒಟ್ಟೊಟ್ಟಿಗೆ ಬರುವುದು ಕಾಕತಾಳೀಯವಲ್ಲ ಎಂದು 1988ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ ತೋರಿಸಿಕೊಟ್ಟರು. ಇಂದು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ನಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದ ಒಬ್ಬರ ಸೀರಮ್ ಪ್ರತಿ ಸಲವೂ ಬೆಳ್ಳಗಿರುತ್ತಿತ್ತು, ಟ್ರೈಗ್ಲಿಸರೈಡ್ 500 ದಾಟಿರುತ್ತಿತ್ತು. 400 ದಾಟಿದರೆ 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಎಲ್‌ಡಿಎಲ್ ಲೆಕ್ಕ ಹಾಕಲು ಬರುವುದಿಲ್ಲವಾದ್ದರಿಂದ ಅವರ ವರದಿಯ ಆ ಸಾಲಿನಲ್ಲಿ ಅಂಕಿಯ ಬದಲು ನಾವು ಅಡ್ಡಗೆರೆ ಹಾಕುತ್ತಿದ್ದೆವು. ಮದ್ಯ ಬಿಟ್ಟು, ಸಕ್ಕರೆ ಇಳಿಸಿ, ಒಂಬತ್ತು ಕಿಲೋ ತೂಕ ಕಳೆದು ಎಂಟು ತಿಂಗಳ ಮೇಲೆ ಅವರು ಬಂದಾಗ ಕೊಳವೆಯಲ್ಲಿ ತಿಳಿಯಾದ ಹಳದಿ ಸೀರಮ್ ನಿಂತಿತ್ತು. ಬೇರೆಯವರ ಮಾದರಿ ಅದಲುಬದಲಾಗಿದೆಯೇ ಎಂದು ನಾನು ಚೀಟಿಯನ್ನು ಎರಡು ಸಲ ಓದಿದೆ. ಪಥ್ಯ ಮತ್ತು ನಡಿಗೆಯ ಶಕ್ತಿಯನ್ನು ನಾನು ಕಿಂಚಿತ್ತೂ ಕಡೆಗಣಿಸುವವಳಲ್ಲ. ಅದು ಎಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಅಳೆದು ಹೇಳಿ ಎಂದಷ್ಟೇ ಕೇಳುತ್ತಿದ್ದೇನೆ.

ಎಚ್‌ಡಿಎಲ್ ಬಗ್ಗೆ ಒಂದು ಮಾತು. ಅದನ್ನು ಔಷಧದಿಂದ ಏರಿಸಿದರೆ ಹೃದಯಕ್ಕೆ ರಕ್ಷಣೆ ಸಿಗುತ್ತದೆ ಎಂಬ ನಂಬಿಕೆ ಪರೀಕ್ಷೆಗೆ ನಿಲ್ಲಲಿಲ್ಲ. ಎಚ್‌ಡಿಎಲ್ ಅನ್ನು ಚೆನ್ನಾಗಿಯೇ ಏರಿಸಿದ ಟಾರ್ಸೆಟ್ರಾಪಿಬ್ ಎಂಬ ಔಷಧದ ಪ್ರಯೋಗವನ್ನು, ಅದನ್ನು ಸೇವಿಸಿದವರಲ್ಲಿ ಸಾವು ಹೆಚ್ಚಿದ್ದರಿಂದ 2006ರಲ್ಲಿ ನಿಲ್ಲಿಸಬೇಕಾಯಿತು. ಆದ್ದರಿಂದ ಎಚ್‌ಡಿಎಲ್ ಚೆನ್ನಾಗಿದೆ ಎಂಬ ಸಮಾಧಾನದಲ್ಲಿ ಎಲ್‌ಡಿಎಲ್ ಮರೆಯುವುದು ಸಲ್ಲ.

ಇನ್ನು, ಸಾಮಾನ್ಯ ವರದಿಯಲ್ಲಿ ಕಾಣಿಸಿಕೊಳ್ಳದ ಒಂದು ಸಾಲು ಇದೆ: ಎಲ್‌ಡಿಎಲ್ ಅನ್ನೇ ಹೋಲುವ ಲಿಪೊಪ್ರೋಟೀನ್ ಎ ಎಂಬ ಕಣ. 1963ರಲ್ಲಿ ನಾರ್ವೆಯ ವಿಜ್ಞಾನಿ ಕೋರೆ ಬರ್ಗ್ ಗುರುತಿಸಿದ ಈ ಕಣದ ಪ್ರಮಾಣವನ್ನು ನಿರ್ಧರಿಸುವುದು ಬಹುಮಟ್ಟಿಗೆ ಒಂದೇ ವಂಶವಾಹಿ. ಪಥ್ಯಕ್ಕೂ ವ್ಯಾಯಾಮಕ್ಕೂ ಅದು ಹೆಚ್ಚುಕಡಿಮೆ ಕದಲುವುದಿಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಇದು ಅಪಾಯ ಹೆಚ್ಚಿಸುವ ಮಟ್ಟದಲ್ಲಿರುತ್ತದೆ. ಜೀವಮಾನವಿಡೀ ಹೆಚ್ಚು ಬದಲಾಗದ ಕಾರಣ ಬಹುಪಾಲು ಜನರಿಗೆ ಒಮ್ಮೆ ಪರೀಕ್ಷಿಸಿದರೆ ಸಾಕು, ಆದರೂ ಅದರ ಹೆಸರನ್ನೇ ಕೇಳದ ಓದುಗರು ನಿಮ್ಮಲ್ಲಿ ಬಹಳ ಮಂದಿ ಇರಬಹುದು.

ಅಣ್ಣನಂತೆ ಒಂದೇ ವಂಶವಾಹಿಯ ದೋಷ ಎಲ್ಲರಿಗೂ ಇರುವುದಿಲ್ಲ. ಬಹುತೇಕರ ರಕ್ತದ ಕೊಬ್ಬನ್ನು ನೂರಾರು ವಂಶವಾಹಿಗಳು ಅಷ್ಟಷ್ಟೇ ಮೇಲಕ್ಕೂ ಕೆಳಕ್ಕೂ ಎಳೆಯುತ್ತವೆ, ಅದರ ಮೇಲೆ ನಮ್ಮ ತೂಕ, ತಿಂಡಿ, ನಿದ್ದೆ, ಚಟಗಳು ಸೇರಿಕೊಳ್ಳುತ್ತವೆ. ಥೈರಾಯ್ಡ್ ಕುಂದಿದರೂ, ಕೆಲವು ಮೂತ್ರಪಿಂಡದ ಕಾಯಿಲೆಗಳಿದ್ದರೂ ಎಲ್‌ಡಿಎಲ್ ಏರುತ್ತದೆ ಎಂಬುದನ್ನೂ ಮರೆಯಬಾರದು. ವಂಶ ಮತ್ತು ಜೀವನಶೈಲಿ ಒಂದಕ್ಕೊಂದು ಎದುರಾದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ 2016ರಲ್ಲಿ ಪ್ರಕಟವಾದ, 55,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನವೊಂದು ನನಗೆ ತೃಪ್ತಿಕರ ಉತ್ತರ ಕೊಟ್ಟಿದೆ. ವಂಶವಾಹಿಗಳ ಲೆಕ್ಕದಲ್ಲಿ ಹೃದಯದ ಅಪಾಯ ಅತಿ ಹೆಚ್ಚಿದ್ದವರ ಪೈಕಿ, ಧೂಮಪಾನ ಮಾಡದಿರುವುದು, ಬೊಜ್ಜು ಬಾರದಂತೆ ನೋಡಿಕೊಳ್ಳುವುದು, ನಿಯಮಿತ ವ್ಯಾಯಾಮ, ಹಿತವಾದ ಆಹಾರ ಎಂಬ ನಾಲ್ಕರಲ್ಲಿ ಕನಿಷ್ಠ ಮೂರನ್ನು ಪಾಲಿಸಿದವರಿಗೆ, ಒಂದನ್ನು ಮಾತ್ರ ಪಾಲಿಸಿದವರಿಗಿಂತ ಅಥವಾ ಯಾವುದನ್ನೂ ಪಾಲಿಸದವರಿಗಿಂತ, ಪರಿಧಮನಿಯ ಕಾಯಿಲೆಯ ಅಪಾಯ ಶೇ 46ರಷ್ಟು ಕಡಿಮೆ ಇತ್ತು. ಕೆಟ್ಟ ವಂಶವಾಹಿ ಇದ್ದವರಿಗೇ ಒಳ್ಳೆಯ ದಿನಚರಿ ಹೆಚ್ಚು ಬೇಕು ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಕಾಲದ ಲೆಕ್ಕವೂ ಇದೆ. ಪಿಸಿಎಸ್‌ಕೆ9 ಎಂಬ ಪ್ರೋಟೀನು ಮೊದಲು ಹೇಳಿದ ಗ್ರಾಹಕಗಳನ್ನು ನಾಶಕ್ಕೆ ಒಯ್ಯುತ್ತದೆ. ಹುಟ್ಟಿನಿಂದಲೇ ಈ ಪ್ರೋಟೀನಿನ ವಂಶವಾಹಿಯ ಒಂದು ಪ್ರತಿ ಕೆಟ್ಟಿರುವ ಕಪ್ಪು ಜನಾಂಗದ ಅಮೆರಿಕನ್ನರ ಎಲ್‌ಡಿಎಲ್ ಶೇ 28ರಷ್ಟು ಕಡಿಮೆಯಿತ್ತು, ಅವರಲ್ಲಿ ಪರಿಧಮನಿಯ ಕಾಯಿಲೆಯಂತೂ ಶೇ 88ರಷ್ಟು ಕಡಿಮೆಯಿತ್ತು ಎಂದು ಹೆಲೆನ್ ಹಾಬ್ಸ್, ಜೊನಾಥನ್ ಕೋಹೆನ್ ಮತ್ತು ಸಂಗಡಿಗರು 2006ರಲ್ಲಿ ವರದಿ ಮಾಡಿದರು. ನಡುವಯಸ್ಸಿನಲ್ಲಿ ಮಾತ್ರೆ ಆರಂಭಿಸಿ ಕೆಲವು ವರ್ಷ ಎಲ್‌ಡಿಎಲ್ ಅನ್ನು ಹೆಚ್ಚುಕಡಿಮೆ ಅಷ್ಟೇ, ಅಂದರೆ 39 ಮಿಲಿಗ್ರಾಂನಷ್ಟು, ಇಳಿಸಿದರೆ ಹೃದಯಾಘಾತದಂತಹ ಅನಾಹುತಗಳು ತಗ್ಗುವುದು ಸುಮಾರು ಐದನೇ ಒಂದರಷ್ಟು ಮಾತ್ರ. ಆ ಅಂತರಕ್ಕೆ ಮುಖ್ಯ ಕಾರಣ ವರ್ಷಗಳು: ಎಷ್ಟು ಎಂಬುದರಷ್ಟೇ ಎಷ್ಟು ಕಾಲ ಎಂಬುದೂ ರಕ್ತನಾಳದ ಗೋಡೆಗೆ ಲೆಕ್ಕವೇ. ಅಣ್ಣನ ನಾಲ್ಕು ವರ್ಷಗಳ ಬಗ್ಗೆ ನಾನು ಇಷ್ಟು ಕೊರಗುವುದು ಇದಕ್ಕಾಗಿ.

ಆದುದರಿಂದ ನಿಮ್ಮಲ್ಲಿ ನನ್ನ ವಿನಂತಿ. ಕೊಲೆಸ್ಟ್ರಾಲ್ ಕುರಿತು ಮುಂದೆ ಲೇಖನ ಪ್ರಕಟಿಸುವಾಗ, ವಯಸ್ಕರ ಎಲ್‌ಡಿಎಲ್ 190 ದಾಟಿದ್ದರೆ ಅಥವಾ ಮಕ್ಕಳದು 160 ದಾಟಿದ್ದರೆ ಅದು ವಂಶದಿಂದ ಬಂದದ್ದಿರಬಹುದೇ ಎಂದು ವೈದ್ಯರನ್ನು ಕೇಳಬೇಕು ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸಿ. ಮನೆಯಲ್ಲಿ ಗಂಡಸರು 55ಕ್ಕೆ ಮೊದಲು, ಹೆಂಗಸರು 65ಕ್ಕೆ ಮೊದಲು ಹೃದಯಾಘಾತಕ್ಕೆ ತುತ್ತಾಗಿದ್ದರೆ ಅದನ್ನು ಕೇಳುವ ತನಕ ಕಾಯದೆ ವೈದ್ಯರಿಗೆ ಹೇಳಬೇಕು ಎಂದು ತಿಳಿಸಿ. ಒಬ್ಬರಲ್ಲಿ ಈ ದೋಷ ಖಚಿತವಾದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಆಗಲೇಬೇಕು, ಏಕೆಂದರೆ ಪ್ರತಿಯೊಬ್ಬರಿಗೂ ಅದು ಬಂದಿರುವ ಸಾಧ್ಯತೆ ಶೇ 50. ನೆದರ್ಲೆಂಡ್ಸ್ 1994ರಿಂದ ಸುಮಾರು ಎರಡು ದಶಕ ಹೀಗೆ ಒಬ್ಬರಿಂದ ಇನ್ನೊಬ್ಬರಿಗೆ ಮನೆತನದ ಕೊಂಡಿ ಹಿಡಿದು ಹೋಗಿ ಸಾವಿರಾರು ಜನರನ್ನು ಪತ್ತೆ ಮಾಡಿತು. ಅದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ನಾನು 26 ವರ್ಷ ಮಾಡಿದ ಅದೇ ರಕ್ತಪರೀಕ್ಷೆ ಮತ್ತು ತಂದೆತಾಯಿಯರ ಬಗ್ಗೆ ಕೇಳುವ ಸಂಯಮ ಇದ್ದರೆ ಆರಂಭಿಸಬಹುದು.

ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಅವನ ಇಬ್ಬರು ಮಕ್ಕಳ ರಕ್ತವನ್ನು ನಾನೇ ತೆಗೆದೆ. ಮಗನ ಎಲ್‌ಡಿಎಲ್ 92. ಹನ್ನೆರಡು ವರ್ಷದ ಮಗಳದು 204. ಅವಳ ಸೀರಮ್ ಎಲ್ಲ ಮಕ್ಕಳದರಂತೆ ತಿಳಿಯಾಗಿಯೇ ಇತ್ತು. ಇಂತಹ ಮಕ್ಕಳಿಗೆ ಎಂಟರಿಂದ ಹತ್ತು ವರ್ಷದ ವೇಳೆಗೇ ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಔಷಧ ಆರಂಭಿಸಬಹುದು ಎಂದು ವೈದ್ಯರು ತಿಳಿಸಿದ್ದರಿಂದ ಅವಳಿಗೆ ಚಿಕಿತ್ಸೆ ಶುರುವಾಗಿದೆ. ಅವಳು ಓಡುತ್ತಾಳೆ, ಆಡುತ್ತಾಳೆ, ಎಲ್ಲರೊಡನೆ ಕುಳಿತು ಹಿತಮಿತವಾಗಿ ಉಣ್ಣುತ್ತಾಳೆ. ಅವಳ ತಟ್ಟೆಯನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ